ಮರವಾಗಿ ಬಗ್ಗೀತೆ?

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬ ಗಾದೆಯನ್ನು ಕೇಳದವರು ನಮ್ಮ ನಾಡಿನಲ್ಲಿ ಇರಲಾರರು. ನಾನಂತೂ ಇದನ್ನು ಎರಡು ಸಲ ಮುಖದೆದುರಿಗೇ ಹೇಳಿಸಿಕೊಂಡಿದ್ದೇನೆ. ಮೊದಲನೆಯ ಸಲ, ನಮ್ಮ ಮನೆತನದಲ್ಲಿ ಯಾರೂ ಹತ್ತದ ಕಾಲೇಜಿನ ಮೆಟ್ಟಿಲನ್ನು ನಾನು ಹತ್ತಿದಾಗ. ಎರಡನೆಯ ಸಲ, ಹದಿನೆಂಟು ತುಂಬಿದ ಮೇಲೆ ಕರಾಟೆ ಕಲಿಯಲು ಹೊರಟಾಗ. ಮೊದಲನೆಯದಕ್ಕೆ ಉತ್ತರವನ್ನು ಈ ವರ್ಷದ ಪರೀಕ್ಷೆಯೇ ಹೇಳಬೇಕು. ಎರಡನೆಯದಕ್ಕೆ ನನಗೆ ದೊರೆತ ಉತ್ತರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನ ಊರು ಬ್ಯಾಡಗಿ, ಓದು ಹಾವೇರಿಯಲ್ಲಿ, ಭಾನುವಾರಕ್ಕೊಮ್ಮೆ ಕರಾಟೆಯ ಪಾಠ ರಾಣೆಬೆನ್ನೂರಿನಲ್ಲಿ. ಮೂರೂ ಒಂದೇ ರೈಲುದಾರಿಯ ಮೇಲಿರುವುದು ನನ್ನ ಪುಣ್ಯ. ಕರಾಟೆಯ ಪಂದ್ಯದಲ್ಲಿ ಗುದ್ದಿಗೆ 1 ಅಂಕ, ಎದುರಾಳಿಯ ಮೈಗೆ ತಾಗಿದ ಒದೆತಕ್ಕೆ 2, ತಲೆಯ ಮಟ್ಟಕ್ಕೆ ಏರಿದ ಒದೆತಕ್ಕೆ 3. ಕಾಲು ಅಷ್ಟೆತ್ತರ ಏರಬೇಕಾದರೆ ಸೊಂಟದ ಕೀಲೂ ತೊಡೆಯ ಸ್ನಾಯುಗಳೂ ಸಡಿಲವಾಗಿರಬೇಕು. ಆದುದರಿಂದಲೇ ಕಲಿಯುವವರೆಲ್ಲರೂ 'ಸ್ಪ್ಲಿಟ್ಸ್' ಸಾಧಿಸಲು ಹಂಬಲಿಸುತ್ತಾರೆ. ಎರಡು ಕಾಲುಗಳನ್ನೂ ಪೂರ್ತಿ ಚಾಚಿ ನೆಲಕ್ಕೆ ಕೂಡುವುದೇ ಸ್ಪ್ಲಿಟ್ಸ್.

ಹೆಸರು ಪರದೇಶದ್ದಾದರೂ ವಸ್ತು ನಮಗೆ ಹೊಸದಲ್ಲ. ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿದರೆ ಅದು ಯೋಗದ ಹನುಮಾನಾಸನ. ಎರಡನ್ನೂ ಪಕ್ಕಕ್ಕೆ ಚಾಚಿದರೆ ಸಮಕೋಣಾಸನ. ಕಡಲನ್ನು ಹಾರಿದ ಹನುಮಂತನ ಜಿಗಿತವೇ ಮೊದಲನೆಯದಕ್ಕೆ ಹೆಸರು ಕೊಟ್ಟಿತು. ನಮ್ಮ ತಾಲೂಕಿನ ಕದರಮಂಡಲಗಿಯ ಕಾಂತೇಶನಿಗೆ ಕೈಮುಗಿಯುವ ನಮಗೆ ಆ ಜಿಗಿತದ ಕಥೆಯನ್ನು ಬೇರೆ ಹೇಳಬೇಕಾಗಿಲ್ಲ.

ಕಲಿಕೆ ಆರಂಭಿಸಿದ ಮೂರನೆಯ ತಿಂಗಳಿನಲ್ಲಿ ನನಗೆ ಅವಸರ ಹುಟ್ಟಿತು. ಅಂತರ ಕಾಲೇಜು ಪಂದ್ಯ ಹತ್ತಿರ ಬಂದಿತ್ತು. ಜೊತೆಗೆ ಕಲಿಯುತ್ತಿದ್ದ ಹಿರಿಯರೊಬ್ಬರು, "ಇನ್ನು ಒಂದು ಗೇಣು ಉಳಿದದ, ತಡಕೋ" ಎಂದು ನನ್ನ ಎರಡು ಭುಜಗಳನ್ನೂ ಹಿಡಿದು ಕೆಳಕ್ಕೆ ಒತ್ತಿದರು. ಒತ್ತಿರೆಂದು ಕೇಳಿದವಳು ನಾನೇ. ಕುಂಡಿಯ ಎಲುಬಿನ ಬಳಿ 'ಟಕ್' ಎಂದಿತು. ಆರು ವಾರ ನಾನು ಕಾಲೇಜಿನ ಬೆಂಚಿನ ಮೇಲೆ ನೆಟ್ಟಗೆ ಕೂಡಲಾರದೆ ಹೋದೆ. ಪಂದ್ಯವೂ ಕೈತಪ್ಪಿತು. ಅವ್ವನು ಎಣ್ಣೆ ತಿಕ್ಕುತ್ತ, "ಹಾಸಿಗಿ ಇದ್ದಷ್ಟ ಕಾಲ ಚಾಚು ಅಂತ ಹಿರ್ಯಾರು ಸುಮ್ನ ಹೇಳ್ಯಾರೇನ ಮಗಳ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಆರು ವಾರಗಳಲ್ಲಿ ನಾನು ಕಾಲೇಜಿನ ಗ್ರಂಥಾಲಯದ ಶರೀರಶಾಸ್ತ್ರದ ಪುಸ್ತಕಗಳನ್ನು ಹುಡುಕಿ ಓದಿದೆ.

ಆಗ ತಿಳಿದ ಮುಖ್ಯ ಸಂಗತಿ ಇದು. ಸ್ನಾಯುವಿನೊಳಗೆ ಎಳೆತವನ್ನು ಅಳೆಯುವ ಸೂಕ್ಷ್ಮ ಅಂಗಗಳಿವೆ. ಸ್ನಾಯು ಹಠಾತ್ತನೆ ಹಿಗ್ಗಿದರೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಬೆನ್ನುಹುರಿಯು ತಕ್ಷಣ ಅದೇ ಸ್ನಾಯುವನ್ನು ಬಿಗಿಯುವಂತೆ ಮಾಡುತ್ತದೆ. ವೈದ್ಯರು ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದೊಡನೆ ಕಾಲು ತಾನಾಗಿ ಚಿಮ್ಮುವುದು ಇದೇ ಕಾರಣದಿಂದ. ಹೀಗಿರಲು, ಕುಲುಕಿ ಒತ್ತಿದಷ್ಟೂ ಸ್ನಾಯು ಎದುರು ಜಗ್ಗುವುದೇ ಹೊರತು ಸಡಿಲವಾಗದು. ಇನ್ನೊಂದು ಸಂಗತಿ: ಮೊದಲ ಕೆಲವು ವಾರಗಳಲ್ಲಿ ಕಾಲು ಹೆಚ್ಚು ಚಾಚುವುದು ಸ್ನಾಯು ಉದ್ದವಾದುದರಿಂದಲ್ಲ, ಬಹುಮಟ್ಟಿಗೆ ನರಮಂಡಲವು ಆ ಎಳೆತವನ್ನು ತಾಳಿಕೊಳ್ಳಲು ಕಲಿತುದರಿಂದ. ಅಂದರೆ ಇದು ಬಲಾತ್ಕಾರದ ಕೆಲಸವಲ್ಲ. ದೇಹಕ್ಕೆ ನಂಬಿಕೆ ಹುಟ್ಟಿಸುವ ಕೆಲಸ.

ವೈದ್ಯರ ಒಪ್ಪಿಗೆ ಪಡೆದು ಮತ್ತೆ ಆರಂಭಿಸಿದಾಗ ನಾನು ಅನುಸರಿಸಿದ ಕ್ರಮವನ್ನು ಹೇಳುತ್ತೇನೆ. ಮೊದಲು ಹತ್ತು ನಿಮಿಷ ಓಟ ಮತ್ತು ಬಸ್ಕಿಗಳಿಂದ ಮೈ ಬೆಚ್ಚಗಾಗಬೇಕು. ನಮ್ಮ ಗರಡಿಮನೆಗಳಲ್ಲಿ ಸಾಮು ಮಾಡದೆ ಯಾರೂ ಕುಸ್ತಿಗೆ ಇಳಿಯುವುದಿಲ್ಲವಷ್ಟೆ. ಆಮೇಲೆ ಹಿತವಾದ ಎಳೆತ ತೋರುವವರೆಗೆ ಮಾತ್ರ ಕಾಲು ಚಾಚಿ, ನಿಧಾನವಾಗಿ ಉಸಿರಾಡುತ್ತ 30 ಸೆಕೆಂಡು ನಿಲ್ಲಬೇಕು. ಅಲ್ಲಿಯೇ ಹಿಮ್ಮಡಿಯಿಂದ ನೆಲವನ್ನು ಐದಾರು ಸೆಕೆಂಡು ಒತ್ತಿ, ಬಳಿಕ ಸಡಿಲ ಬಿಟ್ಟರೆ ಕಾಲು ಇನ್ನೊಂದು ಬೆರಳಿನಷ್ಟು ಜಾರುವುದು. ಹೀಗೆ ಮೂರು ನಾಲ್ಕು ಸಲ ಸಾಕು. ದೀರ್ಘ ಎಳೆತವನ್ನು ಅಭ್ಯಾಸದ ಕೊನೆಗೆ ಇಡಬೇಕು; ಪಂದ್ಯಕ್ಕೆ ಮೊದಲೇ ಒಂದೊಂದು ಸ್ನಾಯುವನ್ನು ನಿಮಿಷಕ್ಕೂ ಮೀರಿ ಎಳೆದು ಹಿಡಿದರೆ ಅದರ ಬಲ ಸ್ವಲ್ಪ ಹೊತ್ತು ಕುಗ್ಗುವುದು. ತೊಡೆಯ ನಡುವೆ ಎಳೆತ ತೋರಿದರೆ ಭಯವಿಲ್ಲ. ಕೀಲಿನಲ್ಲಾಗಲಿ ಎಲುಬಿನ ಬಳಿಯಾಗಲಿ ಚುಚ್ಚಿದರೆ ಅಲ್ಲಿಗೇ ನಿಲ್ಲಿಸಬೇಕು. ಇಷ್ಟಾದರೂ, ಚಾಚಿದ ಕಾಲನ್ನು ಎತ್ತಲು ಬಲ ಬೇಕು. ಆದುದರಿಂದ ಗೋಡೆ ಹಿಡಿದು ಕಾಲನ್ನು ನಿಧಾನವಾಗಿ ಎತ್ತಿ ಇಳಿಸುವ ಅಭ್ಯಾಸವನ್ನೂ ಬಿಡಬಾರದು.

ಎಲ್ಲರಿಗೂ ಎಲ್ಲವೂ ಬಾರದು ಎಂಬುದನ್ನೂ ಹೇಳಲೇಬೇಕು. ಸೊಂಟದ ಗುಳಿಯ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಪಕ್ಕಕ್ಕೆ ಚಾಚುವಾಗ ಸೊಂಟವನ್ನು ಮುಂದಕ್ಕೆ ಬಾಗಿಸಿದರೆ ಅನೇಕರಿಗೆ ದಾರಿ ತೆರೆಯುವುದು. ಕೆಲವರಲ್ಲಿ ಎಲುಬಿಗೆ ಎಲುಬು ತಾಗಿ ನಿಲ್ಲುವುದು. ಎಲುಬಿನೊಡನೆ ಹಟ ಸಲ್ಲದು.

ನನ್ನ ಅವ್ವ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸದವಳು. ಮುಂಜಾನೆಯಿಂದ ಸಂಜೆಯವರೆಗೆ ಕುಕ್ಕರಗಾಲಿನಲ್ಲಿ ಕುಳಿತು, ಕೈಯೂರದೆ ಏಳುತ್ತಾಳೆ. ಬೆಂಚಿನ ಮೇಲೆ ಕುಳಿತು ಬೆಳೆದ ನನ್ನಿಂದ ಹದಿನೈದು ನಿಮಿಷವೂ ಹಾಗೆ ಕೂಡಲಾಗದು. ಅವಳಿಗೆ ಯಾರೂ ವ್ಯಾಯಾಮ ಕಲಿಸಲಿಲ್ಲ; ದಿನವೂ ಕೇಳಿದ ಭಂಗಿಯನ್ನು ದೇಹ ಅವಳಿಗೆ ಕೊಟ್ಟಿತು. ಆದರೆ ಅದೇ ದೇಹ ಸಂಜೆಗೆ ಮಂಡಿನೋವನ್ನೂ ಕೊಡುತ್ತದೆ. ನನ್ನ ಅಭ್ಯಾಸ ನಾನು ಬಯಸಿದ್ದು, ಅವಳದು ಹೊಟ್ಟೆಪಾಡು. ಈ ಭೇದವನ್ನು ನಾನು ಮರೆಯಲಾರೆ. ಈಗ ರಾತ್ರಿ ಎಣ್ಣೆ ತಿಕ್ಕುವ ಕೈ ನನ್ನದು, ಮಂಡಿ ಅವಳದು.

ಹನ್ನೊಂದು ತಿಂಗಳ ಮೇಲೆ ಒಂದು ಸಂಜೆ ಬಲಗಾಲು ಮುಂದಿಟ್ಟ ಹನುಮಾನಾಸನದಲ್ಲಿ ನಾನು ನೆಲ ಮುಟ್ಟಿದೆ. ಎಡಗಾಲು ಮುಂದಿಟ್ಟರೆ ಇಂದಿಗೂ ನಾಲ್ಕು ಬೆರಳು ಉಳಿದಿದೆ. ಸಮಕೋಣಾಸನ ಇನ್ನೂ ದೂರ. ಅವ್ವನು ನೋಡಿ, "ಹಾಸಿಗಿ ಸಾಲದಾತಲ್ಲ!" ಎಂದು ನಕ್ಕಳು.

ಗಾದೆ ಸುಳ್ಳೆಂದು ಹೇಳುವಷ್ಟು ದೊಡ್ಡವಳು ನಾನಲ್ಲ. ಒಮ್ಮೆಗೇ ಬಗ್ಗಿಸಹೋದರೆ ಮರ ಮುರಿಯುವುದು ದಿಟ. ಅದನ್ನು ನಾನು ಅನುಭವಿಸಿದ್ದೇನೆ. ಆದರೆ ಮನುಷ್ಯನು ಮರವಲ್ಲ. ಹದಿನೆಂಟು ದಾಟಿದವರಿಗೂ ದಿನಕ್ಕೊಂದು ಕೂದಲೆಳೆಯಷ್ಟು ಬಗ್ಗುವ ಅವಕಾಶವುಂಟು. ತಡವಾಗಿ ಆರಂಭಿಸಿದ ನನ್ನಂಥ ಸೋದರ ಸೋದರಿಯರು ಧೈರ್ಯಗೆಡದಿರಲಿ. ಹಾಗೆಯೇ ಭುಜವನ್ನು ಒತ್ತಲು ಯಾರನ್ನೂ ಕರೆಯದಿರಲಿ.