ನಾರ್ವೆ ಪ್ರವಾಸ: ಯಾವ ತಿಂಗಳು, ಯಾವ ನೋಟ?

‘ಮಧ್ಯರಾತ್ರಿಯ ಸೂರ್ಯನ ನಾಡು ಯಾವುದು?’ ಶಾಲೆಯ ಸಾಮಾನ್ಯ ಜ್ಞಾನ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ‘ನಾರ್ವೆ’ ಎಂದು ಉತ್ತರಿಸಿ ಅಂಕ ಗಳಿಸದವರು ವಿರಳ. ಆದರೆ ಆ ಉತ್ತರ ಅರ್ಧ ಸತ್ಯ ಮಾತ್ರ. ಜೂನ್‌ನಲ್ಲಿ ಸೂರ್ಯ ಮುಳುಗದ ಟ್ರೋಮ್ಸೊ ನಗರದಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಉದಯಿಸುವುದೇ ಇಲ್ಲ. ದಕ್ಷಿಣದಲ್ಲಿರುವ ರಾಜಧಾನಿ ಓಸ್ಲೊದಲ್ಲಂತೂ ಮಧ್ಯರಾತ್ರಿಯ ಸೂರ್ಯ ಎಂದೂ ಕಾಣಸಿಗದು. ಇದನ್ನು ಅರಿಯದೆ ವಿಮಾನದ ಟಿಕೆಟ್ ಕಾದಿರಿಸಿದರೆ, ದುಬಾರಿ ಪ್ರವಾಸದ ಕೊನೆಗೆ ನಿರಾಶೆಯೇ ಉಳಿದೀತು. ನಾರ್ವೆಗೆ ಹೋಗಲು ‘ಒಳ್ಳೆಯ ಕಾಲ’ ಎಂಬುದಿಲ್ಲ. ಏನನ್ನು ನೋಡಬೇಕು ಎಂಬುದರ ಮೇಲೆ ತಿಂಗಳನ್ನು ನಿರ್ಧರಿಸಬೇಕು.

ಬೆಳಕಿನ ಲೆಕ್ಕ

ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿಯ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಓಸ್ಲೊದಲ್ಲಿ ಜೂನ್ ತಿಂಗಳ ಹಗಲು 18 ಗಂಟೆಗೂ ಮೀರಿದರೆ, ಡಿಸೆಂಬರ್‌ನಲ್ಲಿ ಅದು 6 ಗಂಟೆಗೆ ಇಳಿಯುತ್ತದೆ. ಉತ್ತರ ಧ್ರುವವೃತ್ತದಾಚೆಯ ಟ್ರೋಮ್ಸೊದಲ್ಲಿ ಮೇ 20ರ ಆಸುಪಾಸಿನಿಂದ ಜುಲೈ ಮೂರನೆಯ ವಾರದವರೆಗೆ ಸೂರ್ಯಾಸ್ತವಿಲ್ಲ. ನವೆಂಬರ್ ಅಂತ್ಯದಿಂದ ಜನವರಿ ಮಧ್ಯದವರೆಗೆ ಸೂರ್ಯೋದಯವಿಲ್ಲ. ಹಾಗೆಂದು ಆ ದಿನಗಳು ಸಂಪೂರ್ಣ ಕಗ್ಗತ್ತಲಲ್ಲ. ಮಧ್ಯಾಹ್ನದ ಕೆಲವು ಗಂಟೆ ನೀಲಿ ಛಾಯೆಯ ಮುಸ್ಸಂಜೆ ಬೆಳಕು ಹರಡಿರುತ್ತದೆ.

ಆಗಸದಲ್ಲಿ ಹಸಿರು ಪರದೆಯಂತೆ ತೂಗುವ ಧ್ರುವಪ್ರಭೆಯನ್ನು ನೋಡಬಯಸುವವರು ಸೆಪ್ಟೆಂಬರ್ ಅಂತ್ಯದಿಂದ ಮಾರ್ಚ್ ಅಂತ್ಯದೊಳಗೆ ಉತ್ತರಕ್ಕೆ ಹೋಗಬೇಕು. ಬೇಸಿಗೆಯಲ್ಲೂ ಧ್ರುವಪ್ರಭೆ ಉಂಟಾಗುತ್ತದೆಯಾದರೂ ಬೆಳಗಿರುವ ಆಕಾಶದಲ್ಲಿ ಅದು ಗೋಚರಿಸದು. ಅಂದರೆ ಮಧ್ಯರಾತ್ರಿಯ ಸೂರ್ಯ ಮತ್ತು ಧ್ರುವಪ್ರಭೆ ಎರಡನ್ನೂ ಒಂದೇ ಪ್ರವಾಸದಲ್ಲಿ ಕಾಣುವುದು ಅಸಾಧ್ಯ.

ಚಳಿಯ ವಿಷಯದಲ್ಲೂ ತಪ್ಪು ಕಲ್ಪನೆಗಳಿವೆ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಹಾಗೂ ನೈಋತ್ಯದಿಂದ ಬೀಸುವ ಗಾಳಿಯ ಕಾರಣ ಧ್ರುವವೃತ್ತದಾಚೆಯೂ ನಾರ್ವೆಯ ಕರಾವಳಿಯ ಬಂದರುಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ಸಮುದ್ರದಿಂದ ದೂರವಿರುವ ರೋರೋಸ್, ಕಾರಸ್ಯೋಕ್‌ನಂತಹ ಒಳನಾಡಿನ ಊರುಗಳಲ್ಲಿ ಚಳಿ ಹಲವು ಪಟ್ಟು ತೀವ್ರ.

ಚಳಿಗಾಲ: ಮೀನು ಮತ್ತು ಹಿಮಸಾರಂಗ

ಜನವರಿಯಿಂದ ಏಪ್ರಿಲ್‌ವರೆಗೆ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನುಗಳು ಮೊಟ್ಟೆಯಿಡಲು ಲೊಫೊಟೆನ್ ದ್ವೀಪಗಳತ್ತ ಬರುತ್ತವೆ. ಮೀನುಗಾರರು ಅವನ್ನು ಉಪ್ಪು ಸೋಕಿಸದೆ ಮರದ ಚೌಕಟ್ಟುಗಳಿಗೆ ತೂಗುಹಾಕಿ ತಣ್ಣನೆಯ ಗಾಳಿಗೆ ಒಣಗಿಸುತ್ತಾರೆ. ಶತಮಾನಗಳ ಕಾಲ ಈ ಒಣಮೀನೇ ಬೆರ್ಗೆನ್ ನಗರದ ವ್ಯಾಪಾರದ ಬೆನ್ನೆಲುಬಾಗಿತ್ತು. ಅಲ್ಲಿನ ಬಂದರಿನ ಬ್ರಿಗ್ಗನ್ ಎಂಬ ಮರದ ಮಳಿಗೆಗಳ ಸಾಲು 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಫೆಬ್ರುವರಿ 6 ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ರಾಷ್ಟ್ರೀಯ ದಿನ. 1917ರಲ್ಲಿ ಅದೇ ದಿನ ಟ್ರೋಂಡ್‌ಹೈಮ್‌ನಲ್ಲಿ ಅವರ ಪ್ರಥಮ ಸಮಾವೇಶ ನಡೆದಿತ್ತು. 1989ರಿಂದ ಕಾರಸ್ಯೋಕ್‌ನಲ್ಲಿ ಸಾಮಿ ಸಂಸತ್ತು ಕಾರ್ಯನಿರ್ವಹಿಸುತ್ತಿದೆ. ಹಿಮಸಾರಂಗದ ಜಾರುಬಂಡಿ ಸವಾರಿಯನ್ನಷ್ಟೇ ಸವಿದು ಮರಳುವ ಪ್ರವಾಸಿಗರು ಒಂದು ಸಂಗತಿಯನ್ನು ತಿಳಿದಿರಬೇಕು. ಫೋಸೆನ್ ಪ್ರದೇಶದಲ್ಲಿ ಗಾಳಿಯಂತ್ರಗಳಿಗೆ ನೀಡಿದ ಪರವಾನಗಿಯು ಹಿಮಸಾರಂಗ ಸಾಕುವ ಸಾಮಿ ಕುಟುಂಬಗಳ ಸಾಂಸ್ಕೃತಿಕ ಹಕ್ಕನ್ನು ಉಲ್ಲಂಘಿಸಿದೆ ಎಂದು ನಾರ್ವೆಯ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ನೀಡಿತ್ತು. ಪ್ರವಾಸಿಗರಿಗೆ ‘ನಿರ್ಜನ’ವೆಂದು ತೋರುವ ಬಯಲು ಅಲ್ಲಿನವರ ಜೀವನಾಧಾರ.

ವಸಂತ: ಪತ್ತೇದಾರಿ ಕಾದಂಬರಿ, ಮಕ್ಕಳ ಮೆರವಣಿಗೆ

ಈಸ್ಟರ್ ರಜೆಯಲ್ಲಿ ನಾರ್ವೆಯ ಜನ ಪರ್ವತಗಳ ಮರದ ಮನೆಗಳಿಗೆ ತೆರಳಿ, ಸ್ಕೀಯಿಂಗ್ ಮಾಡಿ, ಕಿತ್ತಳೆ ಹಣ್ಣು ತಿನ್ನುತ್ತ ಪತ್ತೇದಾರಿ ಕಾದಂಬರಿ ಓದುತ್ತಾರೆ. ಈ ರೂಢಿಯ ಹಿಂದೆ ಸ್ವಾರಸ್ಯಕರ ಕಥೆಯೊಂದಿದೆ. 1923ರಲ್ಲಿ ಬೆರ್ಗೆನ್ ರೈಲು ದರೋಡೆಯ ಕುರಿತ ಕಾದಂಬರಿಯೊಂದರ ಜಾಹೀರಾತು ಪತ್ರಿಕೆಯ ಮುಖಪುಟದಲ್ಲಿ ಸುದ್ದಿಯ ಶೀರ್ಷಿಕೆಯಂತೆಯೇ ಪ್ರಕಟವಾಯಿತು. ದರೋಡೆ ನಿಜವಾಗಿಯೂ ನಡೆದಿದೆ ಎಂದು ಓದುಗರು ಗಾಬರಿಗೊಂಡರು! ಈಸ್ಟರ್ ಮತ್ತು ಅಪರಾಧ ಸಾಹಿತ್ಯದ ನಂಟು ಬೆಳೆದದ್ದು ಅಲ್ಲಿಂದ.

ಮೇ 17 ಸಂವಿಧಾನ ದಿನ. 1814ರಲ್ಲಿ ಐಡ್ಸ್‌ವೊಲ್‌ನಲ್ಲಿ ಅಂಗೀಕೃತವಾದ ಸಂವಿಧಾನದ ನೆನಪಿಗೆ ಸೇನಾ ಕವಾಯತಿನ ಬದಲು ಶಾಲಾ ಮಕ್ಕಳ ಮೆರವಣಿಗೆ ನಡೆಯುವುದು ಈ ದಿನದ ವೈಶಿಷ್ಟ್ಯ. ತಮ್ಮ ತಮ್ಮ ಪ್ರದೇಶದ ಕಸೂತಿಯುಳ್ಳ ‘ಬೂನಾದ್’ ಉಡುಪು ತೊಟ್ಟು ಜನ ಬೀದಿಗಿಳಿಯುತ್ತಾರೆ. ಸಾಮಾನ್ಯವಾಗಿ ಇದೇ ತಿಂಗಳಲ್ಲಿ ಹಾರ್ಡಂಗರ್ ದಂಡೆಯ ಸೇಬಿನ ತೋಟಗಳು ಹೂವಿನಿಂದ ತುಂಬಿರುತ್ತವೆ.

ಬೇಸಿಗೆ ಮತ್ತು ಶರತ್ಕಾಲ

ಹಿಮನದಿಗಳು ಕೊರೆದ ಆಳವಾದ ಕಣಿವೆಗಳೊಳಗೆ ಸಮುದ್ರ ನುಗ್ಗಿ ಉಂಟಾದವೇ ಫ್ಯೋರ್ಡ್‌ಗಳು. ಅತಿ ಉದ್ದನೆಯ ಸೋಗ್ನೆ ಫ್ಯೋರ್ಡ್ 200 ಕಿ.ಮೀ.ಗೂ ಹೆಚ್ಚು ಒಳನಾಡಿಗೆ ಚಾಚಿದ್ದು, ಅದರ ಆಳ 1,300 ಮೀಟರ್ ಮೀರುತ್ತದೆ. ಇವುಗಳ ಮೇಲಿನ ಎತ್ತರದ ಪರ್ವತ ರಸ್ತೆಗಳಲ್ಲಿ ಹಲವು ಚಳಿಗಾಲದಲ್ಲಿ ಮುಚ್ಚಿರುವುದರಿಂದ ಚಾರಣ ಮತ್ತು ರಸ್ತೆ ಪ್ರಯಾಣಕ್ಕೆ ಜೂನ್‌ನಿಂದ ಸೆಪ್ಟೆಂಬರ್ ಸೂಕ್ತ. 2005ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಗೈರಾಂಗರ್ ಮತ್ತು ನೆರೊಯ್ ಫ್ಯೋರ್ಡ್‌ಗಳಲ್ಲಿ ಹಡಗುಗಳ ಹೊಗೆಯೇ ಸಮಸ್ಯೆಯಾದಾಗ ಸರ್ಕಾರ ಕಠಿಣ ನಿಯಮ ರೂಪಿಸಿತು. ಅದರಂತೆ ಸಣ್ಣ ಪ್ರಯಾಣಿಕ ಹಡಗುಗಳಿಗೆ 2026ರಿಂದ, ದೊಡ್ಡ ಹಡಗುಗಳಿಗೆ 2032ರಿಂದ ಶೂನ್ಯ ಹೊರಸೂಸುವಿಕೆ ಕಡ್ಡಾಯ.

ಸೆಪ್ಟೆಂಬರ್‌ನಲ್ಲಿ ಜನಸಂದಣಿ ಇಳಿದು, ಬರ್ಚ್ ಮರಗಳು ಹೊಂಬಣ್ಣಕ್ಕೆ ತಿರುಗುತ್ತವೆ. ಕಾಡಿನಲ್ಲಿ ಅಣಬೆ, ಕಾಡುಹಣ್ಣು ಆರಿಸುವ ಕಾಲವದು.

ಎಲ್ಲರ ಹಕ್ಕು, ಎಲ್ಲರ ಹೊಣೆ

ಈ ಎಲ್ಲ ಋತುಗಳಿಗೂ ಅನ್ವಯಿಸುವ ಮಹತ್ವದ ಕಾನೂನೊಂದು ನಾರ್ವೆಯಲ್ಲಿದೆ. 1957ರ ಹೊರಾಂಗಣ ವಿಹಾರ ಕಾಯ್ದೆಯ ಪ್ರಕಾರ, ಸಾಗುವಳಿಯಾಗದ ಭೂಮಿಯ ಮಾಲೀಕರು ಯಾರೇ ಆಗಿರಲಿ, ಅಲ್ಲಿ ನಡೆದಾಡುವ ಹಕ್ಕು ಎಲ್ಲರಿಗೂ ಇದೆ. ವಿದೇಶೀಯರೂ ಇದಕ್ಕೆ ಹೊರತಲ್ಲ. ಡೇರೆ ಹಾಕುವವರು ವಾಸದ ಮನೆಯಿಂದ ಕನಿಷ್ಠ 150 ಮೀಟರ್ ದೂರದಲ್ಲಿರಬೇಕು. ದೂರದ ಪರ್ವತ ಪ್ರದೇಶಗಳನ್ನು ಹೊರತುಪಡಿಸಿ, ಒಂದೇ ಜಾಗದಲ್ಲಿ ಎರಡು ರಾತ್ರಿಗಿಂತ ಹೆಚ್ಚು ತಂಗಲು ಮಾಲೀಕರ ಅನುಮತಿ ಅಗತ್ಯ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಅರಣ್ಯದಲ್ಲಿ ಅಥವಾ ಅದರ ಸಮೀಪದಲ್ಲಿ ಬೆಂಕಿ ಹಚ್ಚುವುದು ಸಾಮಾನ್ಯವಾಗಿ ನಿಷಿದ್ಧ.

ಹಕ್ಕಿನ ಜೊತೆಗೆ ಅಪಾಯವೂ ಇದೆ. 1967ರ ಈಸ್ಟರ್ ರಜೆಯಲ್ಲಿ ಪರ್ವತಗಳಲ್ಲಿ 18 ಮಂದಿ ಮೃತಪಟ್ಟ ಬಳಿಕ ‘ಪರ್ವತ ಸಂಹಿತೆ’ಯನ್ನು ಮನೆಮನೆಗೆ ತಲುಪಿಸಲಾಯಿತು. ಹೋಗುವ ದಾರಿಯನ್ನು ಇತರರಿಗೆ ತಿಳಿಸಿ, ಹವಾಮಾನ ಮುನ್ಸೂಚನೆ ನೋಡಿ, ಸಕಾಲದಲ್ಲಿ ಹಿಂದಿರುಗಿ, ಹಿಂದಿರುಗುವುದು ಅವಮಾನವಲ್ಲ ಎಂಬುದು ಅದರ ಸಾರ. ಅಲ್ಲಿನ ಮಕ್ಕಳಿಗೂ ತಿಳಿದಿರುವ ಈ ಪಾಠ ಹೊರಗಿನಿಂದ ಹೋದವರಿಗೆ ಇನ್ನೂ ಮುಖ್ಯ.

ಹೊರಡುವ ಮುನ್ನ

ನಾರ್ವೆ ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲದಿದ್ದರೂ ಷೆಂಗೆನ್ ವಲಯದಲ್ಲಿದೆ. ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ಸ್ವಾಲ್ಬಾರ್ಡ್ ದ್ವೀಪಸಮೂಹ ಈ ವಲಯದ ಹೊರಗಿರುವುದರಿಂದ, ಅಲ್ಲಿಗೆ ಹೋಗಿ ಮರಳುವವರು ಎರಡು ಬಾರಿ ಪ್ರವೇಶಕ್ಕೆ ಅವಕಾಶವಿರುವ ವೀಸಾ ಪಡೆಯಬೇಕು. ಹೋಟೆಲ್ ಮತ್ತು ಊಟ ದುಬಾರಿ. ಆದರೆ 1868ರಲ್ಲಿ ಸ್ಥಾಪಿತವಾದ ನಾರ್ವೆ ಚಾರಣ ಸಂಘವು 500ಕ್ಕೂ ಹೆಚ್ಚು ಪರ್ವತ ತಂಗುದಾಣಗಳನ್ನು ನಡೆಸುತ್ತಿದೆ. ಇವುಗಳಲ್ಲಿ ಹಲವೆಡೆ ಮೇಲ್ವಿಚಾರಕರೇ ಇಲ್ಲ. ಉಗ್ರಾಣದಿಂದ ಆಹಾರ ತೆಗೆದುಕೊಂಡವರು ತಾವೇ ಲೆಕ್ಕ ಬರೆದು ಹಣ ಪಾವತಿಸುತ್ತಾರೆ. ಈ ವ್ಯವಸ್ಥೆ ನಿಂತಿರುವುದು ಕೇವಲ ನಂಬಿಕೆಯ ಮೇಲೆ. ಅದನ್ನು ಉಳಿಸುವ ಹೊಣೆ ಅಲ್ಲಿ ಒಂದು ರಾತ್ರಿ ತಂಗುವ ಪ್ರವಾಸಿಗನ ಮೇಲೂ ಇದೆ.