ಟರ್ಬೊ ಗಾಡಿಗೆ ಹೊಸ ಉಸಿರುಗೊಳವೆ

ಮೋಟಾರುಗಾಡಿ ಪೆಟ್ರೋಲಿನಿಂದ ಓಡುತ್ತದೆ ಎಂದು ನಾವೆಲ್ಲರೂ ಹೇಳುವುದುಂಟು. ಅದು ಅರ್ಧ ಮಾತು. ತೂಕದ ಲೆಕ್ಕದಲ್ಲಿ ನೋಡಿದರೆ, ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ 14.7 ಪಾಲು ಗಾಳಿ ಬೇಕು. ಪೆಟ್ರೋಲಿಗೆ ದುಡ್ಡು ತೆರುತ್ತೇವೆ, ಗಾಳಿಗೆ ತೆರುವುದಿಲ್ಲ. ಆದುದರಿಂದಲೇ ಗಾಳಿಯ ಮಾತು ಮರೆತುಹೋಗುತ್ತದೆ.

ಮರೆತ ಮಾತು ನಮಗೆ ನೆನಪಾದದ್ದು ಕಳೆದ ಮೇ ತಿಂಗಳಲ್ಲಿ. ನಮ್ಮ ಶಾಲೆಯಲ್ಲಿ ಓದಿ ಈಗ ಮುಂಬಯಿಯಲ್ಲೇ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಗಾಡಿಯನ್ನು ಶಾಲೆಯ ಅಂಗಳಕ್ಕೆ ತಂದು, ಬಾನೆಟ್ಟನ್ನೆತ್ತಿ ನಮ್ಮ ವಿಜ್ಞಾನದ ಗುರುಗಳಿಗೂ ನಮಗೂ ತೋರಿಸಿದರು. ಅದು 2013ರಲ್ಲಿ ಮಾರುಕಟ್ಟೆಗೆ ಬಂದ ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ. ಟಿ.ಎಸ್.ಐ. ಎಂಬ ಮಾದರಿ, ಪುಣೆಯ ಬಳಿಯ ಚಾಕಣದಲ್ಲಿ ತಯಾರಾದದ್ದು. ಎಂಜಿನ್ನಿನ ಗಾತ್ರ 1,197 ಘನ ಸೆಂಟಿಮೀಟರು, ಶಕ್ತಿ 105 ಅಶ್ವಶಕ್ತಿ. ಕಾರ್ಖಾನೆಯವರು ಕೊಟ್ಟಿದ್ದ ಕಪ್ಪು ಪ್ಲಾಸ್ಟಿಕ್ಕಿನ ಗಾಳಿಪೆಟ್ಟಿಗೆಯನ್ನು ತೆಗೆಸಿ, ಅದರ ಜಾಗದಲ್ಲಿ ಹೊಳೆಯುವ ಅಲ್ಯುಮಿನಿಯಂ ಕೊಳವೆಯನ್ನೂ ಅದರ ತುದಿಗೆ ಶಂಕುವಿನಾಕಾರದ ತೆರೆದ ಫಿಲ್ಟರನ್ನೂ ಅವರು ಹಾಕಿಸಿದ್ದರು. ಇದರಿಂದ ಹತ್ತು ಕುದುರೆಗಳ ಬಲ ಹೆಚ್ಚುವುದೆಂದು ಅಂಗಡಿಯವರು ಹೇಳಿದ್ದರಂತೆ.

“ಸದ್ದೇನೋ ಜೋರಾಯಿತು, ಗುರುಗಳೇ. ಆದರೆ ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಂತು ಹೊರಟರೆ ಗಾಡಿ ಏಕೋ ಮಂಕಾಗುತ್ತದೆ” ಎಂದರು.

ಗುರುಗಳು ಕೂಡಲೇ ಉತ್ತರ ಹೇಳಲಿಲ್ಲ. ನಮ್ಮನ್ನೆಲ್ಲ ಕರಿಹಲಗೆಯ ಮುಂದೆ ಕೂರಿಸಿದರು. ಅಂದು ತಿಳಿದುದನ್ನೂ ಆಮೇಲೆ ಗ್ಯಾರೇಜಿನಲ್ಲಿ ಕಣ್ಣಾರೆ ಕಂಡುದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಸಾಮಾನ್ಯ ಗಾಡಿಯಲ್ಲಿ ಪಿಸ್ಟನ್ನು ಕೆಳಗಿಳಿಯುವಾಗ ಸಿಲಿಂಡರಿನೊಳಗೆ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊ ಗಾಡಿಯಲ್ಲಿ ಗಾಳಿಯನ್ನು ಒತ್ತಿ ತುಂಬುವ ಏರ್ಪಾಡು ಬೇರೆಯಾಗಿಯೇ ಉಂಟು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಿಕ್ಕ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನೆಳೆದು ಒತ್ತುತ್ತದೆ. ಈ ಚಕ್ರಗಳು ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತವೆ. ವ್ಯರ್ಥವಾಗಿ ಹೋಗುತ್ತಿದ್ದ ಹೊಗೆಯಿಂದ ಹೀಗೆ ಕೆಲಸ ತೆಗೆಯುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಷಿ ಎಂಬ ಎಂಜಿನಿಯರು 1905ರಲ್ಲಿ ಪೇಟೆಂಟು ಪಡೆದನು. ಜನರು ಕೊಳ್ಳುವ ಕಾರುಗಳಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕೆಯಲ್ಲಿ.

ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಪಂಪಿನ ಬುಡದ ಬಿಸಿ ಗೊತ್ತಷ್ಟೆ. ಬಿಸಿ ಗಾಳಿ ಹಗುರ. ಅದರಲ್ಲಿ ಆಮ್ಲಜನಕವೂ ಕಡಮೆ. ಆದುದರಿಂದ ಸಿಲಿಂಡರಿಗೆ ಹೋಗುವ ಮುನ್ನ ಅದನ್ನು ಇಂಟರ್‌ಕೂಲರು ಎಂಬ ಭಾಗದಲ್ಲಿ ತಣಿಸುತ್ತಾರೆ. ಒಟ್ಟಿನಲ್ಲಿ ಗಾಳಿಯ ದಾರಿ ಹೀಗೆ: ಮೊದಲು ಫಿಲ್ಟರು, ಆಮೇಲೆ ಕೊಳವೆ, ಟರ್ಬೊ, ಇಂಟರ್‌ಕೂಲರು, ಕಡೆಗೆ ಸಿಲಿಂಡರು. ನಮ್ಮ ಹಳೆಯ ವಿದ್ಯಾರ್ಥಿಗಳು ಬದಲಾಯಿಸಿದ್ದು ಮೊದಲಿನ ಎರಡನ್ನು ಮಾತ್ರ, ಅಂದರೆ ಟರ್ಬೊ ಗಾಳಿಯನ್ನೆಳೆಯುವ ಬದಿಯನ್ನು.

ಈ ಬದಿಯಲ್ಲಿ ಹರಿಯುವ ಗಾಳಿಯೇನೂ ಅಲ್ಪವಲ್ಲ. ಇಷ್ಟು ಶಕ್ತಿಯ ಎಂಜಿನ್ನು ತನ್ನ ಪೂರ್ಣಬಲದಲ್ಲಿ ದುಡಿಯುವಾಗ ನಿಮಿಷಕ್ಕೆ 4,000 ಲೀಟರಿಗೂ ಮಿಗಿಲಾಗಿ ಗಾಳಿಯನ್ನು ಸೇದುತ್ತದೆ. 6 ಮೀಟರು ಉದ್ದ, 5 ಮೀಟರು ಅಗಲ, 3 ಮೀಟರು ಎತ್ತರದ ತರಗತಿಯ ಕೋಣೆಯ ಗಾಳಿಯಷ್ಟನ್ನೂ ಇಪ್ಪತ್ತು ಚಿಲ್ಲರೆ ನಿಮಿಷಗಳಲ್ಲಿ ನುಂಗಿಬಿಡುತ್ತದೆಂದಾಯಿತು! ಇಷ್ಟು ಗಾಳಿ ಇಕ್ಕಟ್ಟಾದ ದಾರಿಯಲ್ಲಿ ಬಂದರೆ ತಡೆಯುಂಟಾಗುವುದು ಸಹಜ. ತಡೆಯನ್ನು ಕಡಮೆ ಮಾಡುವುದೇ ಹೊಸ ಕೊಳವೆಯ ಉದ್ದೇಶ. ಉದ್ದೇಶವೇನೋ ಸರಿ. ಫಲವೆಷ್ಟು?

ಗುರುಗಳು ಹಲಗೆಯ ಮೇಲೆ ಮಾಡಿಸಿದ ಲೆಕ್ಕವಿದು. ಹೊರಗಿನ ಗಾಳಿಯ ಒತ್ತಡ 100 ಕಿಲೋಪಾಸ್ಕಲ್, ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಟರ್ಬೊ ಅದನ್ನು 180 ಕಿಲೋಪಾಸ್ಕಲ್‌ಗೆ ಒತ್ತಬೇಕು. ಅದರ ದಕ್ಷತೆ ನೂರಕ್ಕೆ 70. ದಾರಿಯಲ್ಲಿ ತಡೆಯೇ ಇಲ್ಲದಿದ್ದರೆ ಟರ್ಬೊದಿಂದ ಹೊರಬರುವ ಗಾಳಿ ಸುಮಾರು 109 ಡಿಗ್ರಿ ಇರುತ್ತದೆ. ಹಳೆಯ ಪೆಟ್ಟಿಗೆಯ ತಡೆಯಿಂದ 3 ಕಿಲೋಪಾಸ್ಕಲ್ ಒತ್ತಡ ಕುಗ್ಗಿತೆನ್ನೋಣ. ಆಗ ಟರ್ಬೊ 97ರಿಂದ 180ಕ್ಕೆ ಒತ್ತಬೇಕಾಗಿ, ಗಾಳಿಯ ಬಿಸಿ ಸುಮಾರು 114 ಡಿಗ್ರಿಗೆ ಏರುತ್ತದೆ. ವ್ಯತ್ಯಾಸ ಐದೇ ಡಿಗ್ರಿ. ಒತ್ತಡವನ್ನಾದರೋ ಗಾಡಿಯ ಕಂಪ್ಯೂಟರು ಅಳೆಯುತ್ತಲೇ ಇದ್ದು, ಕುಗ್ಗಿದಷ್ಟನ್ನು ಟರ್ಬೊವನ್ನು ಇನ್ನಷ್ಟು ತಿರುಗಿಸಿ ತುಂಬಿಕೊಳ್ಳುತ್ತದೆ. ಟರ್ಬೊ ತನ್ನ ಮಿತಿ ಮುಟ್ಟುವವರೆಗೂ ಚಾಲಕನಿಗೆ ಕೊರತೆ ತಿಳಿಯುವುದೇ ಇಲ್ಲ. ಟರ್ಬೊ ಇಲ್ಲದ ಗಾಡಿಗೆ ಈ ಸೌಕರ್ಯವಿಲ್ಲ.

ಇನ್ನು ತೆರೆದ ಫಿಲ್ಟರಿನ ಪಾಡು ನೋಡೋಣ. ಕಾರ್ಖಾನೆಯ ಕೊಳವೆ ಗಾಡಿಯ ಮುಂಭಾಗದಿಂದ ಹೊರಗಿನ ಗಾಳಿಯನ್ನು ತರುತ್ತದೆ. ತೆರೆದ ಫಿಲ್ಟರಾದರೋ ಬಾನೆಟ್ಟಿನ ಒಳಗಿನ ಗಾಳಿಯನ್ನೇ ಸೇದುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ, ನಿಂತ ಗಾಡಿಯೊಳಗೆ, ಕಾದ ಎಂಜಿನ್ನಿನ ಪಕ್ಕದಲ್ಲಿ ಆ ಗಾಳಿ 50 ಡಿಗ್ರಿ ಇದ್ದರೆ ಆಶ್ಚರ್ಯವಿಲ್ಲ. ತಡೆಯಿಲ್ಲದೆ ಬಂದರೂ ಟರ್ಬೊದಿಂದ ಅದು ಸುಮಾರು 134 ಡಿಗ್ರಿಯಾಗಿ ಹೊರಬೀಳುತ್ತದೆ. ಐದು ಡಿಗ್ರಿ ಉಳಿಸಲು ಹೋಗಿ ಇಪ್ಪತ್ತೈದು ಡಿಗ್ರಿ ಸಾಲ ಮಾಡಿದಂತಾಯಿತು! ಇಂಟರ್‌ಕೂಲರು ಇದರಲ್ಲಿ ಬಹುಪಾಲನ್ನು ಕಳೆಯುವುದು ನಿಜ. ಆದರೂ ಉಳಿದ ಬಿಸಿಯನ್ನು ಕಂಪ್ಯೂಟರು ಗುರುತಿಸಿ, ಪೆಟ್ರೋಲು ಅಕಾಲದಲ್ಲಿ ಸಿಡಿಯದಂತೆ ಕಿಡಿಯನ್ನು ತಡವಾಗಿ ಕೊಡುತ್ತದೆ. ಕಿಡಿ ತಡವಾದರೆ ಬಲ ಕುಗ್ಗುತ್ತದೆ. ಸಿಗ್ನಲ್ಲಿನ ಮಂಕಿಗೆ ಕಾರಣ ಸಿಕ್ಕಿತು.

ಹಾಗಾದರೆ ಹತ್ತು ಕುದುರೆಗಳು ಎಲ್ಲಿ? ನಮಗೆ ತೋರುವಂತೆ ಕಿವಿಯಲ್ಲಿ. ಟರ್ಬೊದ ಸುಂಯ್‌ಗುಟ್ಟುವಿಕೆಯನ್ನೂ, ಕಾಲೆತ್ತಿದಾಗ ಒತ್ತಿದ ಗಾಳಿ ಹಿಂದಿರುಗುವ ಉಸ್ಸೆಂಬ ಸದ್ದನ್ನೂ ಹಳೆಯ ಪೆಟ್ಟಿಗೆ ಅಡಗಿಸಿಡುತ್ತಿತ್ತು. ಪೆಟ್ಟಿಗೆ ಹೋದೊಡನೆ ಸದ್ದು ಹೊರಬಿತ್ತು. ಸದ್ದನ್ನು ಕೇಳಿದ ಮನಸ್ಸು ವೇಗವನ್ನು ಊಹಿಸಿಕೊಂಡಿತು.

ತಡೆ ನಿಜವಾಗಿ ಎಷ್ಟಿದೆಯೆಂದು ಕೊಳ್ಳುವ ಮುನ್ನವೇ ಅಳೆಯಬಹುದಿತ್ತು. ನಮ್ಮ ಪ್ರಯೋಗಶಾಲೆಯ ಯು-ನಳಿಕೆಯೇ ಸಾಕು. ನೀರು ತುಂಬಿದ ನಳಿಕೆಯ ಒಂದು ತುದಿಯನ್ನು ಫಿಲ್ಟರಿಗೂ ಟರ್ಬೊಗೂ ನಡುವಿನ ಕೊಳವೆಗೆ ಜೋಡಿಸಿದರೆ, ಎರಡು ಬದಿಯ ನೀರಿನ ಮಟ್ಟದಲ್ಲಿ ಪ್ರತಿ 10 ಸೆಂಟಿಮೀಟರು ವ್ಯತ್ಯಾಸಕ್ಕೆ ಸುಮಾರು 1 ಕಿಲೋಪಾಸ್ಕಲ್ ತಡೆ. ಧೂಳು ಕಟ್ಟಿದ ಹಳೆಯ ಕಾಗದದ ಫಿಲ್ಟರನ್ನು ಬದಲಿಸಿದರೇ ಎಷ್ಟೋ ಸಲ ತಡೆ ಇಳಿದುಬಿಡುತ್ತದೆ.

ಅಷ್ಟಾದರೂ ಹೊಸ ಕೊಳವೆಯನ್ನು ತೆಗೆದುಹಾಕಲು ಅವರಿಗೆ ಮನಸ್ಸು ಬರಲಿಲ್ಲ. ದುಡ್ಡು ಕೊಟ್ಟಾಗಿತ್ತು. ಸರಿಯಾಗಿ ಕೂರಿಸಿದರೆ ಇದೂ ಕೆಲಸ ಮಾಡೀತೆಂದು ಗುರುಗಳು ಒಪ್ಪಿದರು. ಮುಂದಿನ ಭಾನುವಾರ ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ ಮತ್ತೆ ಜೋಡಿಸುವುದೆಂದಾಯಿತು. ನಮ್ಮಲ್ಲಿ ನಾಲ್ವರು ಹೋಗಿದ್ದೆವು.

ಎಂಜಿನ್ನು ಪೂರ್ತಿ ತಣ್ಣಗಾಗುವವರೆಗೆ ಮೇಸ್ತ್ರಿ ಕೈಯಿಡಲಿಲ್ಲ. ಬ್ಯಾಟರಿಯ ಋಣಧ್ರುವದ ತಂತಿಯನ್ನು ಬಿಚ್ಚಿ, ಪ್ರತಿಯೊಂದು ಜೋಡಣೆಯ ಚಿತ್ರ ತೆಗೆದುಕೊಳ್ಳಲು ನಮಗೆ ಹೇಳಿದರು. ಕೊಳವೆಯನ್ನು ಸಡಿಲಿಸಿದೊಡನೆ ಟರ್ಬೊದ ತೆರೆದ ಬಾಯಿಗೆ ಶುಭ್ರವಾದ ಬಟ್ಟೆಯನ್ನು ತುರುಕಿದರು. ಲಕ್ಷ ಸುತ್ತು ತಿರುಗುವ ಚಕ್ರಕ್ಕೆ ಒಂದು ಚಿಕ್ಕ ತಿರುಪು ಬಿದ್ದರೂ ಅದರ ಅಲಗುಗಳು ಮುರಿದಂತೆಯೇ. ಎಂಜಿನ್ನಿನ ಒಡಲಿನ ಆವಿಯನ್ನು ಈ ಕೊಳವೆಗೆ ತಂದು ಸೇರಿಸುವ ಬ್ರೀದರ್ ಪೈಪು ಒಂದಿದೆ. ಅದು ಮೊದಲ ಸಲ ಅರ್ಧಂಬರ್ಧ ಕುಳಿತಿದ್ದುದು ಆಗ ಗೊತ್ತಾಯಿತು. ಆ ಸಂದಿನಿಂದ ಶೋಧಿಸದ ಗಾಳಿ, ಧೂಳಿನ ಸಮೇತ, ನೇರವಾಗಿ ಟರ್ಬೊಗೆ ಹೋಗುತ್ತಿತ್ತು. ಒಂದೆಡೆ ಮೆಟ್ರೋ, ಇನ್ನೊಂದೆಡೆ ಹೊಸ ಕಟ್ಟಡ ಏಳುತ್ತಿರುವ ನಮ್ಮ ನಗರದಲ್ಲಿ ಇದು ಸಣ್ಣ ತಪ್ಪಲ್ಲ. ಅಂತಹ ಧೂಳು ಚಕ್ರದ ಅಲಗನ್ನೂ ಸಿಲಿಂಡರಿನ ಗೋಡೆಯನ್ನೂ ಉಜ್ಜಿ ಸವೆಸುತ್ತದೆ.

ಬೇರೆ ಕೆಲವು ಗಾಡಿಗಳಲ್ಲಿ ಗಾಳಿಯನ್ನಳೆಯುವ ಕಾದ ತಂತಿಯೊಂದು ಈ ಕೊಳವೆಯೊಳಗೇ ಇರುತ್ತದೆ. ಅಲ್ಲಿ ಕೊಳವೆಯ ಅಗಲವೂ ಮುಖ್ಯ. 70 ಮಿಲಿಮೀಟರಿನ ಬದಲು 76 ಮಿಲಿಮೀಟರಿನದನ್ನು ಹಾಕಿದರೆ ತಂತಿಯ ಮೇಲೆ ಹಾಯುವ ಗಾಳಿಯ ವೇಗ ನೂರಕ್ಕೆ 15ರಷ್ಟು ಇಳಿದು, ಗಾಳಿ ಕಡಮೆ ಬಂದಿತೆಂದು ಕಂಪ್ಯೂಟರು ಮೋಸಹೋಗುತ್ತದೆ. ಎಣ್ಣೆ ಸವರಿದ ಹತ್ತಿಯ ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಅದೂ ಆ ತಂತಿಗೆ ಅಂಟಿಕೊಳ್ಳುತ್ತದೆ.

ಫಿಲ್ಟರಿನ ಸುತ್ತ ತಗಡಿನ ಮರೆ ಕಟ್ಟಿ, ಮೇಲೆ ಮುಚ್ಚಳವಿಟ್ಟು, ಮುಂಭಾಗದ ಜಾಲರಿಯ ಹಿಂದಿನಿಂದ ಅದರೊಳಕ್ಕೆ ಒಂದು ಗಾಳಿಗೊಳವೆಯನ್ನೆಳೆದರು. ಫಿಲ್ಟರನ್ನು ಕೆಳಗೆ ಬಂಪರಿನ ಹಿಂದಿಟ್ಟರೆ ಗಾಳಿ ಇನ್ನೂ ತಂಪೆಂದು ನಾವು ಸೂಚಿಸಿದೆವು. ಮೇಸ್ತ್ರಿ ನಕ್ಕು, “ಮಳೆಗಾಲದಲ್ಲಿ ಅಂಧೇರಿ ಸಬ್‌ವೇ ನೋಡಿದ್ದೀರಾ, ಮಕ್ಕಳೇ?” ಎಂದರು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿಗೆ ನೀರು ನುಗ್ಗಿದರೆ ಪಿಸ್ಟನ್ನಿನ ತೋಳೇ ಬಾಗಿಹೋಗುತ್ತದೆ. ಕಾರ್ಖಾನೆಯ ಕೊಳವೆಯ ಬಾಯಿ ಅಷ್ಟು ಎತ್ತರದಲ್ಲಿರುವುದು ಸುಮ್ಮನೆ ಅಲ್ಲ.

ಕಡೆಯ ಕ್ಲಿಪ್ಪನ್ನು ಬಿಗಿಯುವ ಮುನ್ನ ಮೇಸ್ತ್ರಿ ಬಟ್ಟೆಗಳನ್ನು ಎಣಿಸಿದರು. ತಂದದ್ದು ಎರಡು, ಕೈಯಲ್ಲಿದ್ದದ್ದು ಒಂದು. ಎರಡನೆಯದು ಟರ್ಬೊದ ಬಾಯಲ್ಲೇ ಇತ್ತು! ಯಾರೂ ಮಾತಾಡಲಿಲ್ಲ. ಅದನ್ನು ತೆಗೆದು, ಒಳಗೆ ದೀಪ ಹಿಡಿದು ನೋಡಿ, ಆಮೇಲೆ ಬಿಗಿದರು. ಗಾಡಿಯನ್ನು ಚಾಲೂ ಮಾಡಿ, ಎಲ್ಲಾದರೂ ಗಾಳಿ ಸೋರುವ ಸದ್ದುಂಟೇ ಎಂದು ಕಿವಿಗೊಟ್ಟು, ವಾರದ ನಂತರ ಕ್ಲಿಪ್ಪುಗಳನ್ನು ಇನ್ನೊಮ್ಮೆ ನೋಡಬೇಕೆಂದು ತಿಳಿಸಿದರು.

ಇಂತಹ ಬದಲಾವಣೆಯನ್ನು ಮುಂದಿಟ್ಟು ತಯಾರಕರು ಗ್ಯಾರಂಟಿಯನ್ನು ನಿರಾಕರಿಸಬಹುದು. ಅಲ್ಲದೆ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ. ಆದುದರಿಂದ ಗಾಡಿಗೆ ಏನನ್ನಾದರೂ ಹಾಕಿಸುವವರು ಮೊದಲು ವಿಚಾರಿಸುವುದು ಮೇಲು.

ಸಿಗ್ನಲ್ಲಿನ ಮಂಕು ಈಗ ಬಹುಮಟ್ಟಿಗೆ ಹೋಗಿದೆಯೆಂದು ನಮ್ಮ ಹಳೆಯ ವಿದ್ಯಾರ್ಥಿಗಳು ಬಂದು ತಿಳಿಸಿದರು. ತಗಡಿನ ಮರೆಯಿಂದಾಗಿ ಸದ್ದು ಕುಗ್ಗಿತೆಂದು ಮಾತ್ರ ಅವರಿಗೆ ತುಸು ಬೇಸರ. ಹಳೆಯ ಕಪ್ಪು ಪೆಟ್ಟಿಗೆಯನ್ನು ಅವರು ಎಸೆದಿರಲಿಲ್ಲ. ಜೂನ್ ತಿಂಗಳ ಮೊದಲ ಮಳೆಗೆ ಮುನ್ನವೇ ಅದನ್ನು ಅಟ್ಟದಿಂದ ಇಳಿಸಿ, ಒರೆಸಿ, ಗಾಡಿಯ ಡಿಕ್ಕಿಯಲ್ಲಿಟ್ಟುಕೊಂಡು ಗ್ಯಾರೇಜಿನ ಕಡೆ ಹೊರಟರು.