ನಾಯಿಯ ಮೈಗಿಂತ ಮೊದಲು ಗೋಡೆ ನೋಡಿ



ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಹವಳಗಾ ಎಂಬ ಊರಿದೆ. ಸಕ್ಕರೆ ಕಾರ್ಖಾನೆಯ ಕಾರಣದಿಂದ ಆ ಸೀಮೆಯ ಕಬ್ಬು ಬೆಳೆಗಾರರಿಗೆಲ್ಲ ಪರಿಚಿತವಾದ ಹೆಸರು ಇದು. ಕಪ್ಪು ಮಣ್ಣು, ತೊಗರಿ, ಕಬ್ಬು, ಬೇಸಿಗೆಯಲ್ಲಿ ಸುಡುವ ಬಿಸಿಲು. ಇಂಥ ಕಡೆ ಹೊಲದ ಕಾವಲಿಗೋ ಕುರಿ ಹಿಂಡಿನ ಜೊತೆಗೋ ದೊಡ್ಡ ನಾಯಿಯನ್ನು ಸಾಕುವುದು ಹೊಸದಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ನಾಯಿ ಇದ್ದರೆ, ಅದು ತೋಳನಿಗೆ ಹೆದರದಿರಬಹುದು. ಆದರೆ ಎಳ್ಳುಕಾಳಿನಷ್ಟು ಗಾತ್ರದ ಒಂದು ಜೀವಿ ಅದನ್ನು ಮೂರು ವಾರದಲ್ಲಿ ನೆಲಕ್ಕೆ ಕೆಡವಬಲ್ಲದು. ಅದು ಹೇಗೆ, ಅದನ್ನು ತಡೆಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ನಮ್ಮ ಉತ್ತರ ಕರ್ನಾಟಕದ ದೊಡ್ಡ ನಾಯಿ ಎಂದಾಕ್ಷಣ ಮುಧೋಳ ನಾಯಿ ನೆನಪಾಗುತ್ತದೆ. ಮುಧೋಳದ ಘೋರ್ಪಡೆ ರಾಜರು ಪೋಷಿಸಿದ ಈ ತಳಿಯ ಚಿತ್ರವಿರುವ ಅಂಚೆ ಚೀಟಿಯನ್ನು ಭಾರತ ಸರ್ಕಾರ 2005ರಲ್ಲಿ ಹೊರತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಮುಧೋಳ ಬಳಿಯ ತಿಮ್ಮಾಪುರದಲ್ಲಿದೆ. ಓಟಕ್ಕೆ ಹೇಳಿ ಮಾಡಿಸಿದ ದೇಹ ಇದರದು: ಉದ್ದ ಕಾಲು, ಆಳವಾದ ಎದೆ, ಸಣ್ಣ ನಡು, ಮೈಗೆ ಅಂಟಿಕೊಂಡಂಥ ಗಿಡ್ಡ ಕೂದಲು, ತೆಳ್ಳನೆಯ ಚರ್ಮ. ಬಿಸಿಲ ನಾಡಿಗೆ ಈ ಗಿಡ್ಡ ಕೂದಲು ಒಳ್ಳೆಯದೇ. ಆದರೆ ಕಚ್ಚುವ ನೊಣಕ್ಕೂ ಚುಚ್ಚುವ ಹುಳಕ್ಕೂ ಚರ್ಮ ತೆರೆದ ಬಾಗಿಲಿನಂತೆ ಸಿಗುತ್ತದೆ. ಒಂದು ಅನುಕೂಲವೂ ಇದೆ: ಮೈಮೇಲೆ ಏನು ಕುಳಿತಿದೆ ಎಂಬುದು ನಮ್ಮ ಕಣ್ಣಿಗೂ ಬೇಗ ಬೀಳುತ್ತದೆ. ನೋಡುವ ಅಭ್ಯಾಸ ಇರಬೇಕು, ಅಷ್ಟೆ.

ದೊಡ್ಡ ನಾಯಿಗೆ ಸಣ್ಣ ಹುಳ ಏನು ಮಾಡೀತು ಎಂದು ಕೇಳುವವರಿಗೆ ವಿಯೆಟ್ನಾಂ ಯುದ್ಧದ ಒಂದು ಪ್ರಸಂಗ ಹೇಳಬೇಕು. 1960ರ ದಶಕದ ಕೊನೆಯಲ್ಲಿ ಅಲ್ಲಿದ್ದ ಅಮೆರಿಕದ ಸೈನ್ಯದ ನಾಯಿಗಳು ಮೂಗಿನಿಂದ ರಕ್ತ ಸುರಿದು ಸಾಯತೊಡಗಿದವು. ಅವು ಆಯ್ದು ತರಬೇತಿ ಕೊಟ್ಟ, ದಷ್ಟಪುಷ್ಟವಾದ ಜರ್ಮನ್ ಶೆಫರ್ಡ್ ನಾಯಿಗಳು. ಕಾರಣ ಹುಡುಕಿದಾಗ ಸಿಕ್ಕಿದ್ದು ಎರ್ಲಿಕಿಯಾ ಕ್ಯಾನಿಸ್ ಎಂಬ ಸೂಕ್ಷ್ಮ ಬ್ಯಾಕ್ಟೀರಿಯ. ಅದನ್ನು 1935ರಲ್ಲಿ ಆಲ್ಜೀರಿಯದಲ್ಲಿ ವಿಜ್ಞಾನಿಗಳು ಮೊದಲು ಗುರುತಿಸಿದ್ದರು. ಅದನ್ನು ನಾಯಿಯಿಂದ ನಾಯಿಗೆ ಸಾಗಿಸುತ್ತಿದ್ದುದು ಕಂದು ಬಣ್ಣದ ನಾಯಿ ಉಣ್ಣಿ. ಕೆಲವರು ಇದನ್ನು ಉಣುಗು ಎನ್ನುತ್ತಾರೆ. ನಮ್ಮ ಊರಿನ ನಾಯಿಗಳ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕಾಣುವುದೂ ಇದೇ ಉಣ್ಣಿ. ಮಲೆನಾಡಿನ ಮಂಗನ ಕಾಯಿಲೆಯನ್ನು ಹರಡುವ ಕಾಡಿನ ಉಣ್ಣಿ ಬೇರೆ ಜಾತಿಯದು. ಎರಡನ್ನೂ ಒಂದೇ ಎಂದು ತಿಳಿಯಬೇಡಿ.

ಪರೀಕ್ಷೆಯಲ್ಲಿ ಕೇಳಬಹುದಾದ ಒಂದು ಮಾತು: ಉಣ್ಣಿ ಕೀಟವೇ ಅಲ್ಲ. ಕೀಟಕ್ಕೆ ಆರು ಕಾಲು, ಬೆಳೆದ ಉಣ್ಣಿಗೆ ಎಂಟು. ಅದು ಜೇಡ, ಚೇಳುಗಳ ಬಳಗಕ್ಕೆ ಸೇರಿದ್ದು. ಮೊಟ್ಟೆಯಿಂದ ಬಂದ ಮರಿಗೆ ಮಾತ್ರ ಆರೇ ಕಾಲು ಇರುತ್ತವೆ. ಆ ಮರಿ ನಾಯಿಯ ಮೈಯೇರಿ ಕೆಲವು ದಿನ ರಕ್ತ ಕುಡಿದು ಕೆಳಗೆ ಬೀಳುತ್ತದೆ. ಬಿದ್ದಲ್ಲಿ ಪೊರೆ ಬಿಟ್ಟು ಎಂಟು ಕಾಲಿನದಾಗಿ ಮತ್ತೆ ನಾಯಿಯನ್ನೇರುತ್ತದೆ, ಮತ್ತೆ ಬೀಳುತ್ತದೆ. ಮೂರನೆಯ ಸಲ ಬೆಳೆದ ಉಣ್ಣಿಯಾಗಿ ಏರುತ್ತದೆ. ಹೆಣ್ಣು ಉಣ್ಣಿ ಹೊಟ್ಟೆ ತುಂಬ ರಕ್ತ ಹೀರಿ, ಹರಳು ಬೀಜದಂತೆ ಊದಿಕೊಂಡು, ಕೊನೆಯ ಸಲ ಕೆಳಗಿಳಿದು, ಮರೆಯಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಮೊಟ್ಟೆ ನಾಲ್ಕು ಸಾವಿರವೆಂದು ಇಟ್ಟುಕೊಳ್ಳಿ. ನೂರರಲ್ಲಿ ಒಂದು ಮಾತ್ರ ಬದುಕಿದರೂ ನಲವತ್ತು, ಅದರಲ್ಲಿ ಅರ್ಧ ಹೆಣ್ಣಾದರೆ ಇಪ್ಪತ್ತು. ಮುಂದಿನ ಪೀಳಿಗೆಯ ಮೊಟ್ಟೆ ಎಂಬತ್ತು ಸಾವಿರ. ಬೆಚ್ಚಗಿನ ಹವೆಯಲ್ಲಿ ಈ ಇಡೀ ಚಕ್ರಕ್ಕೆ ಎರಡು ಮೂರು ತಿಂಗಳು ಸಾಕು.

ಈ ಕಥೆಯಲ್ಲಿ ಉಣ್ಣಿ ಎಷ್ಟು ಕಾಲ ನಾಯಿಯ ಮೈಮೇಲೆ ಇರುತ್ತದೆ ಎಂಬುದನ್ನು ಗಮನಿಸಿದಿರಾ? ತೀರ ಸ್ವಲ್ಪ. ಉಳಿದ ಕಾಲವೆಲ್ಲ ಅದು ಇರುವುದು ನಾಯಿ ಮಲಗುವ ಜಾಗದಲ್ಲಿ. ಈ ಜಾತಿಗೆ ಮೇಲಕ್ಕೆ ಹತ್ತುವ ಸ್ವಭಾವವಿದೆ. ನೆಲಕ್ಕೆ ಬಿದ್ದದ್ದು ಗೋಡೆ ಹತ್ತಿ ಬಿರುಕಿನಲ್ಲಿ ಸೇರಿಕೊಳ್ಳುತ್ತದೆ. ಊಟವಿಲ್ಲದೆಯೂ ತಿಂಗಳುಗಟ್ಟಲೆ ಕಾಯಬಲ್ಲದು. ನಮ್ಮ ಕಲಬುರಗಿ ಕಡೆಯ ಮನೆಗಳನ್ನು ನೆನಪಿಸಿಕೊಳ್ಳಿ. ಕಲ್ಲಿನ ಗೋಡೆ, ಶಹಾಬಾದ್ ಕಲ್ಲಿನ ನೆಲಹಾಸು, ಮೇಲೆ ಮಣ್ಣಿನ ಮಾಳಿಗೆ. ಕಲ್ಲು ಕಲ್ಲಿನ ನಡುವಿನ ಸಂದುಗಳು ಉಣ್ಣಿಗೆ ಸರ್ಕಾರಿ ವಸತಿಗೃಹವಿದ್ದಂತೆ: ಬಾಡಿಗೆ ಕಡಿಮೆ, ಯಾರೂ ಬಿಡಿಸುವವರಿಲ್ಲ! ನಾಯಿಗೆ ಮಾತ್ರ ಔಷಧ ಹಚ್ಚಿ "ವಾರದಲ್ಲಿ ಮತ್ತೆ ಬಂದವು" ಎಂದು ದೂರುವವರು ಈ ಗೋಡೆಯನ್ನು ನೋಡಿರುವುದಿಲ್ಲ.

ಆದ್ದರಿಂದ ಕೆಲಸ ಗೋಡೆಯಿಂದಲೇ ಶುರುವಾಗಲಿ. ನಾಯಿ ಮಲಗುವ ಕಡೆಯ ಸಂದುಗಳನ್ನು ಸಿಮೆಂಟಿನಿಂದಲೋ ಗಚ್ಚಿನಿಂದಲೋ ಮುಚ್ಚಿ, ಸುಣ್ಣ ಬಳಿಯಿರಿ. ನೆಲದಿಂದ ಒಂದಡಿ ಬಳಿದು ನಿಲ್ಲಿಸದೆ ಚಾವಣಿಯವರೆಗೂ ಬಳಿಯಿರಿ. ಗೋಣಿ ತಟ್ಟು, ಹಳೆಯ ಕೌದಿ ಹಾಸಿದ್ದರೆ ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಚಿಗಟದ ಮರಿಗಳು ಬೆಳೆಯುವುದೂ ಇಂಥ ಹಾಸಿನಲ್ಲೇ. ಒಂದೇ ಕೆಲಸಕ್ಕೆ ಎರಡು ಲಾಭ.

ಇನ್ನು ನಾಯಿಯ ಮೈ. ಹೊಲದಿಂದ ಬಂದ ಮೇಲೆ ದಿನವೂ ಕೈಯಾಡಿಸಿ ನೋಡಿ. ಕಿವಿಯ ಒಳಭಾಗ, ಕೊರಳಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದಿ, ಬೆರಳುಗಳ ನಡುವೆ. ಉಣ್ಣಿ ಕಚ್ಚಿದ ಕೆಲವೇ ಗಂಟೆಗಳಲ್ಲಿ ರೋಗಾಣು ದಾಟಬಹುದು, ಹಾಗಾಗಿ "ಭಾನುವಾರ ನೋಡೋಣ" ಎನ್ನಬಾರದು. ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಾಕುವುದು ಬೇಡ. ಗಾಬರಿಯಾದ ಉಣ್ಣಿ ಜೊಲ್ಲನ್ನು ಗಾಯದೊಳಗೇ ಕಾರಬಹುದು. ಕಿತ್ತದ್ದನ್ನು ಉಗುರಿನಲ್ಲಿ ಒಡೆಯದೆ ಸಾಬೂನು ನೀರಿಗೆ ಹಾಕಿ, ಕೈ ತೊಳೆಯಿರಿ. ಈಗ ಪಶುವೈದ್ಯರು ಕೊಡುವ ಮಾತ್ರೆಗಳೂ ಇವೆ. ಅವು ನಾಯಿಯ ರಕ್ತದಲ್ಲಿದ್ದು, ಕಚ್ಚಿದ ಉಣ್ಣಿ ಮತ್ತು ಚಿಗಟಗಳ ನರಮಂಡಲವನ್ನು ಕೆಡಿಸಿ ಕೊಲ್ಲುತ್ತವೆ. ಕೆಲವು ತಿಂಗಳೊಪ್ಪತ್ತು, ಕೆಲವು ಮೂರು ತಿಂಗಳು ಕೆಲಸ ಮಾಡುತ್ತವೆ. ನಾಯಿಗೆ ಮೂರ್ಛೆ ಬಂದ ಇತಿಹಾಸವಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಉಣ್ಣಿ ಜ್ವರ ಬಂದ ನಾಯಿ ಮೊದಲು ಊಟ ಬಿಡುತ್ತದೆ, ಮೂಲೆ ಹಿಡಿಯುತ್ತದೆ. ಮೈ ಬಿಸಿ. ತುಟಿ ಎತ್ತಿ ನೋಡಿದರೆ ವಸಡು ಬಿಳಿಚಿಕೊಂಡಿರುತ್ತದೆ. ಹೊಟ್ಟೆಯ ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆಗಳು ಏಳಬಹುದು, ಮೂಗಿನಿಂದ ರಕ್ತ ಬರಬಹುದು. ಮೂತ್ರ ಕೆಂಪಾಗಿದ್ದರೆ ಅದು ಬಬೇಸಿಯಾ ಎಂಬ ಇನ್ನೊಂದು ಪರೋಪಜೀವಿಯ ಕೆಲಸವಿರಬಹುದು. ಅದನ್ನೂ ಉಣ್ಣಿಯೇ ತರುತ್ತದೆ. ಬೇಗ ರಕ್ತಪರೀಕ್ಷೆ ಮಾಡಿಸಿದರೆ ಎರಡಕ್ಕೂ ಔಷಧವುಂಟು. ಎರ್ಲಿಕಿಯಾಕ್ಕೆ ಸಾಮಾನ್ಯವಾಗಿ ನಾಲ್ಕು ವಾರ ಮಾತ್ರೆ ಕೊಡಬೇಕಾಗುತ್ತದೆ. ಐದನೆಯ ದಿನ ನಾಯಿ ಬಾಲ ಅಲ್ಲಾಡಿಸಿತೆಂದು ನಿಲ್ಲಿಸಿದರೆ ರೋಗಾಣು ಒಳಗೇ ಉಳಿದು, ತಿಂಗಳುಗಳ ನಂತರ ತಿರುಗಿ ಬೀಳಬಹುದು.

ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ತೊಗರಿಗೆ ಹೊಡೆಯುವ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಯ ಮೈಗೆ ಸವರಬೇಡಿ. ನಮ್ಮ ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವುದು ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ. ಕೆಲಸ ಮುಗಿದೊಡನೆ ಅದನ್ನು ಒಂದು ಕಿಣ್ವ ಅಳಿಸಿಹಾಕುತ್ತದೆ. ಹೊಲದ ಅನೇಕ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ, ಸಂದೇಶ ನಿಲ್ಲುವುದೇ ಇಲ್ಲ. ಹುಳಕ್ಕೆ ಏನಾಗುತ್ತದೋ ನಾಯಿಗೂ ಅದೇ: ಜೊಲ್ಲು ಸುರಿಯುತ್ತದೆ, ಕಣ್ಣ ಪಾಪೆ ಕಿರಿದಾಗುತ್ತದೆ, ಮೈ ನಡುಗುತ್ತದೆ, ಉಸಿರು ಕಟ್ಟುತ್ತದೆ. ತೆಳು ಚರ್ಮದ ನಾಯಿ ಮೈ ನೆಕ್ಕಿಕೊಂಡರಂತೂ ವಿಷ ಎರಡು ದಾರಿಯಿಂದ ಒಳಸೇರುತ್ತದೆ. ಎಮ್ಮೆ, ಎತ್ತುಗಳಿಗೆ ಕೊಡುವ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನ ಮೇಲೆ ನಾಯಿಗೆ ಹಾಕುವುದೂ ಅಷ್ಟೇ ಅಪಾಯ. ಇನ್ನೊಂದು ಮಾತು: ನಾಯಿಗೆ ಹಚ್ಚುವ ಪರ್ಮೆಥ್ರಿನ್ ಔಷಧ ಬೆಕ್ಕಿಗೆ ವಿಷ. ಮನೆಯಲ್ಲಿ ಎರಡೂ ಇದ್ದರೆ ವೈದ್ಯರಿಗೆ ಹೇಳಿ.

ಕಚ್ಚುವ ನೊಣಗಳಿಗೆ ನಿಮಿರಿದ ಕಿವಿಯ ತುದಿ ಇಷ್ಟ. ಅಲ್ಲಿ ರಕ್ತ ಹೆಪ್ಪುಗಟ್ಟಿ ಹುಣ್ಣಾಗುತ್ತದೆ. ಆ ಹುಣ್ಣಿನಲ್ಲಿ ಇನ್ನೊಂದು ಜಾತಿಯ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಬಿದ್ದು ಮಾಂಸ ಕೊರೆಯುತ್ತವೆ. ಸಗಣಿ ಗುಂಡಿಯಿಂದ ದೂರ ಕಟ್ಟುವುದು, ಸಣ್ಣ ಗಾಯವನ್ನೂ ತೊಳೆದು ಮುಲಾಮು ಹಚ್ಚುವುದು ಮುಖ್ಯ. ಬೇವಿನ ಎಣ್ಣೆಯ ವಾಸನೆ ನೊಣವನ್ನು ಸ್ವಲ್ಪ ಹೊತ್ತು ದೂರವಿಟ್ಟೀತು, ಉಣ್ಣಿಯ ಬಾಧೆ ತೀರಿಸಲಾರದು. ಸೊಳ್ಳೆಯಿಂದ ನಾಯಿಯ ಹೃದಯಕ್ಕೆ ಹುಳ ಸೇರುವ ರೋಗವೂ ಒಂದಿದೆ. ಭಾರತದಲ್ಲಿ ಅದು ಈಶಾನ್ಯ ರಾಜ್ಯಗಳಲ್ಲಿ ಹೆಚ್ಚು.

ಕೊನೆಗೆ ಜೇನು. ತೊಗರಿ ಹೂ ಬಿಟ್ಟ ಕಾಲದಲ್ಲಿ, ಕಬ್ಬಿನ ಹಾಲು ಚೆಲ್ಲಿದ ಕಡೆ ಜೇನು ಮತ್ತು ಕಣಜದ ಹುಳಗಳು ಸೇರುವುದು ಸಹಜ. ನಾಯಿ ಲೋಕವನ್ನು ಮೂಗಿನಿಂದ ನೋಡುವ ಪ್ರಾಣಿ. ಆದ್ದರಿಂದ ಕಡಿಸಿಕೊಳ್ಳುವುದೂ ಮೂಗಿಗೆ, ತುಟಿಗೆ, ಹಾರಿ ಹಿಡಿದರೆ ಬಾಯೊಳಗೆ. ಜೇನಿನ ಕೊಂಡಿಗೆ ಹಿಮ್ಮುಖ ಮುಳ್ಳುಗಳಿವೆ. ಅದು ವಿಷದ ಚೀಲದೊಡನೆ ಚರ್ಮದಲ್ಲೇ ಉಳಿದು, ಜೇನು ಹಾರಿಹೋದ ಮೇಲೂ ವಿಷ ತುಂಬುತ್ತಿರುತ್ತದೆ. ಕೊಂಡಿಯನ್ನು ಕೆರೆದು ತೆಗೆಯಬೇಕೋ ಹಿಡಿದು ಕೀಳಬೇಕೋ ಎಂಬ ಚರ್ಚೆಗಿಂತ ಬೇಗ ತೆಗೆಯುವುದು ಮುಖ್ಯ. ಕಣಜದ ಕೊಂಡಿ ಉಳಿಯುವುದಿಲ್ಲ, ಅದು ಮತ್ತೆ ಮತ್ತೆ ಚುಚ್ಚಬಲ್ಲದು. "ಜೇನಿನ ವಿಷ ಆಮ್ಲ, ಸುಣ್ಣ ಹಚ್ಚಿದರೆ ಸರಿಹೋಗುತ್ತದೆ" ಎಂಬ ಮಾತನ್ನು ನೀವೂ ಕೇಳಿರಬಹುದು. ವಿಷದ ಮುಖ್ಯ ಭಾಗ ಮೆಲಿಟಿನ್ ಮೊದಲಾದ ಪ್ರೋಟೀನು ಜಾತಿಯ ವಸ್ತುಗಳು. ಅವು ಚರ್ಮದ ಒಳಗಿವೆ, ಸುಣ್ಣ ಹೊರಗೆ. ತಣ್ಣೀರಿನ ಬಟ್ಟೆ ಅದಕ್ಕಿಂತ ಮೇಲು.

ಹೆಜ್ಜೇನು ಮಾತ್ರ ಒಂದಾಗಿ ಬರುವುದಿಲ್ಲ. ಕೊಂಡಿಯೊಡನೆ ಹೊರಬೀಳುವ ವಾಸನೆ ಉಳಿದ ಜೇನುಗಳನ್ನು ಅದೇ ಜಾಗಕ್ಕೆ ಕರೆಯುತ್ತದೆ. ಸರಪಳಿಯಲ್ಲಿ ಕಟ್ಟಿದ ನಾಯಿಗೆ ಓಡುವ ದಾರಿ ಇಲ್ಲ. ಹೆಜ್ಜೇನು ಕಟ್ಟಿದ ಮರದ ಕೆಳಗೆ, ಎತ್ತರದ ನೀರಿನ ಟ್ಯಾಂಕಿನ ಕೆಳಗೆ ನಾಯಿಯನ್ನು ಎಂದೂ ಕಟ್ಟಬೇಡಿ. ದಾಳಿಯಾದರೆ ನೀವು ಅದರ ನಡುವೆ ನುಗ್ಗಬೇಡಿ. ಕೌದಿಯಿಂದ ಮೈ ಮುಚ್ಚಿಕೊಂಡ ದೊಡ್ಡವರು ಬಿಚ್ಚಿ ಬಿಡಲಿ. ಒಂದೇ ಕಡಿತಕ್ಕೂ ಕೆಲವು ನಾಯಿಗಳ ದೇಹ ಅತಿಯಾಗಿ ಪ್ರತಿಕ್ರಿಯಿಸುತ್ತದೆ. ಕಡಿತವಾದ ಸ್ವಲ್ಪ ಹೊತ್ತಿನಲ್ಲೇ ವಾಂತಿ, ಭೇದಿ, ಬಿಳಿಚಿದ ವಸಡು, ತೂರಾಡುವ ಕಾಲು ಕಂಡರೆ ಮನೆಮದ್ದಿಗೆ ಸಮಯವಿಲ್ಲ. ಪಶು ಆಸ್ಪತ್ರೆಗೆ ಒಯ್ಯಿರಿ. ಹತ್ತಾರು ಕಡಿತ ತಿಂದ ನಾಯಿ ಆ ಸಂಜೆ ಎದ್ದು ನಡೆದಾಡಿದರೂ ಮೂರು ದಿನ ಅದರ ಮೂತ್ರವನ್ನು ಗಮನಿಸಿ. ವಿಷದಿಂದ ಒಡೆದ ಕೆಂಪು ರಕ್ತಕಣಗಳ ಬಣ್ಣ ಮೂತ್ರಪಿಂಡದ ಮೂಲಕ ಹೊರಬರುತ್ತದೆ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ಅಥವಾ ನೀರು ಕುಡಿದರೂ ಮೂತ್ರವೇ ಬರದಿದ್ದರೆ, ಅದೇ ಗಳಿಗೆಯಲ್ಲಿ ಮತ್ತೆ ವೈದ್ಯರ ಬಳಿಗೆ ಹೋಗಬೇಕು.